ಹಾಗಲವಾಡಿಯ ಕೆರೆಯೂ ಕಾಲ್ಚೆಂಡಿನ ಹನ್ನೊಂದು ಮಂದಿಯೂ

ತುಮಕೂರಿನಿಂದ ಶಿವಮೊಗ್ಗದ ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಹೊರಟ ಪ್ರಯಾಣಿಕನಿಗೆ ಮೊದಲು ಎದುರಾಗುವ ದೊಡ್ಡ ಊರು ಗುಬ್ಬಿ. ಚನ್ನಬಸವೇಶ್ವರ ಸ್ವಾಮಿಯ ದೇವಾಲಯದಿಂದಲೂ, ಆ ಸ್ವಾಮಿಯ ಹೆಸರನ್ನೇ ಹೊತ್ತು 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಿಂದಲೂ ಕನ್ನಡ ನಾಡಿಗೆಲ್ಲ ಪರಿಚಿತವಾದ ಊರು ಅದು. ಬಹುಮಂದಿ ಅಲ್ಲಿ ಇಳಿದು, ದೇವರ ದರ್ಶನ ಮಾಡಿ ಹಿಂದಿರುಗುತ್ತಾರೆ. ಇನ್ನೂ ಮುಂದೆ ಹೋಗಬೇಕೆಂಬ ಕುತೂಹಲವುಳ್ಳವನು ಉತ್ತರಕ್ಕೆ ತಿರುಗಿ, ಹಲಸಿನ ವ್ಯಾಪಾರಕ್ಕೆ ಹೆಸರಾದ ಚೇಳೂರಿನ ಸೀಮೆಯನ್ನು ಕಂಡು, ತಾಲ್ಲೂಕಿನ ವಾಯವ್ಯದ ಕಡೆಗೆ ಸಾಗಿದರೆ ಹಾಗಲವಾಡಿ ಸಿಕ್ಕುತ್ತದೆ. ಒಂದು ಕಡೆ ಚಿಕ್ಕನಾಯಕನಹಳ್ಳಿಯ ಎಲ್ಲೆ, ಇನ್ನೊಂದು ಕಡೆ ಶಿರಾ ಸೀಮೆ. ನಡುವೆ ಕೆಂಪು ನೆಲ, ರಾಗಿ ಹುರುಳಿಯ ಹೊಲಗಳು, ನೀರಿದ್ದ ಕಡೆ ತೆಂಗು ಅಡಕೆಯ ತೋಟಗಳು.

ಗುಬ್ಬಿ ತಾಲ್ಲೂಕಿನ ಆರು ಹೋಬಳಿಗಳಲ್ಲಿ ಹಾಗಲವಾಡಿಯೂ ಒಂದು. ಇಂದು ಅದು ಕಂದಾಯದ ಲೆಕ್ಕದಲ್ಲಿ ಹೋಬಳಿಯ ಕೇಂದ್ರ. ಹಿಂದೆ ಅದು ಒಂದು ಪಾಳೆಯಪಟ್ಟಿನ ರಾಜಧಾನಿಯಾಗಿತ್ತು.

ಪಾಳೆಯಗಾರರ ಊರು

ಹಾಗಲವಾಡಿಯ ನಾಯಕರ ವಂಶಕ್ಕೆ ಎರಿಮಾದ ನಾಯಕನೆಂಬವನು ಮೂಲಪುರುಷನೆಂದು ಇತಿಹಾಸ ಹೇಳುತ್ತದೆ. ಈ ವಂಶದವರು ತಲೆಮಾರುಗಳ ಕಾಲ ಸುತ್ತಣ ಸೀಮೆಯನ್ನು ಆಳಿದರು. ಕೆಲವು ಹರದಾರಿ ದೂರದ ಚಿಕ್ಕನಾಯಕನಹಳ್ಳಿ ಪಟ್ಟಣಕ್ಕೆ ಆ ಹೆಸರು ಬಂದದ್ದು ಇದೇ ಮನೆತನದ ಚಿಕ್ಕನಾಯಕನಿಂದ. ಕೊನೆಗೆ ಈ ಪಾಳೆಯಪಟ್ಟೂ ನೆರೆಯ ಎಷ್ಟೋ ಪಾಳೆಯಪಟ್ಟುಗಳಂತೆ ಮೈಸೂರು ರಾಜ್ಯದಲ್ಲಿ ಲೀನವಾಯಿತು. ಆಳುವ ಮನೆತನ ಹೋಯಿತು. ಆದರೆ ಚಿಕ್ಕನಾಯಕನಹಳ್ಳಿಯ ಹೆಸರು ಉಳಿಯಿತು, ಹಾಗಲವಾಡಿ ಹೋಬಳಿಯ ಹೆಸರೂ ಉಳಿಯಿತು.

ಪಾಳೆಯಗಾರರ ಕಾಲದ ರಾಜಕೀಯವನ್ನು ಬಲ್ಲವರಿಗೆ ಒಂದು ಮಾತು ಗೊತ್ತು. ಬಲಹೀನನಾದವನು ಬಲಿಷ್ಠನೊಡನೆ ಸೇರುವುದಕ್ಕೆ ಎರಡು ದಾರಿಗಳಿದ್ದುವು. ಕಪ್ಪಕಾಣಿಕೆಯನ್ನು ಒಪ್ಪಿಸಿ, ಯುದ್ಧಕಾಲದಲ್ಲಿ ದಂಡನ್ನು ಕಳುಹಿಸಿಕೊಟ್ಟು, ತನ್ನ ಪಾಳೆಯವನ್ನು ತಾನೇ ಆಳಿಕೊಂಡಿರುವುದು ಒಂದು. ಪಾಳೆಯವೇ ಕರಗಿಹೋಗಿ ದೊಡ್ಡ ರಾಜ್ಯದ ಒಂದು ಮೂಲೆಯಾಗುವುದು ಇನ್ನೊಂದು. ಮೊದಲನೆಯದು ಮೈತ್ರಿ, ಎರಡನೆಯದು ವಿಲೀನ. ಎರಡರಲ್ಲಿಯೂ ಲಾಭವುಂಟು, ನಷ್ಟವುಂಟು.

ಈ ಹಳೆಯ ಪ್ರಶ್ನೆ ಇಂದು ಮತ್ತೆ ಬಂದಿರುವುದು ರಾಜ್ಯಗಳ ನಡುವೆಯಲ್ಲ, ಹುಡುಗರ ಆಟದ ಸಂಘಗಳ ನಡುವೆ. ಲೋಕದ ಅನೇಕ ದೇಶಗಳಲ್ಲಿ ಬಾಲಕರ ಕಾಲ್ಚೆಂಡಿನ ಸಣ್ಣ ಸಣ್ಣ ಕ್ಲಬ್ಬುಗಳು ಒಂದರೊಡನೊಂದು ಸೇರಿ ದೊಡ್ಡವಾಗುತ್ತಿವೆ. ಹಾಗಲವಾಡಿಯಂಥ ಹೋಬಳಿಗೆ ಇದರಿಂದ ಆಗಬೇಕಾದ್ದೇನು ಎಂದು ಯಾರಾದರೂ ಕೇಳಬಹುದು. ಸಣ್ಣದು ದೊಡ್ಡದರೊಡನೆ ಸೇರುವಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬುದನ್ನು ಎಲ್ಲರಿಗಿಂತ ಮೊದಲು ಅರಿಯಬೇಕಾದವು ಇಂಥ ಸಣ್ಣ ಊರುಗಳೇ.

ಹನ್ನೊಂದರ ಲೆಕ್ಕ

ಹಳ್ಳಿಗಾಡಿನ ಮೈದಾನಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕಬಡ್ಡಿ, ಖೋ-ಖೋ, ವಾಲಿಬಾಲ್. ಇದಕ್ಕೆ ಕಾರಣ ರುಚಿಯೊಂದೇ ಅಲ್ಲ, ಲೆಕ್ಕವೂ ಹೌದು. ವಾಲಿಬಾಲಿಗೆ ಆರು ಮಂದಿ ಸಾಕು, ಕಬಡ್ಡಿಗೆ ಏಳು ಮಂದಿ. ಕಾಲ್ಚೆಂಡಿಗೆ ಹನ್ನೊಂದು ಮಂದಿ ಬೇಕು. ದೊಡ್ಡವರ ಪಂದ್ಯಕ್ಕೆ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲದ ಬಯಲು ಬೇಕು. ಹುಡುಗರ ಸ್ಪರ್ಧೆಗಳು ವಯಸ್ಸಿನ ಕಟ್ಟಿನಲ್ಲಿ ನಡೆಯುತ್ತವೆ: 13ರ ಒಳಗಿನವರು, 15ರ ಒಳಗಿನವರು, 17ರ ಒಳಗಿನವರು. ಗಾಯಗೊಂಡವರ ಸ್ಥಾನಕ್ಕೆ ಬರುವವರನ್ನೂ ಸೇರಿಸಿಕೊಂಡರೆ ಒಂದೊಂದು ತಂಡಕ್ಕೆ ಹದಿನಾರು ಮಂದಿಯಾದರೂ ಬೇಕು. ಮೂರು ತಂಡಗಳಿಗೆ ನಲವತ್ತೆಂಟು ಹುಡುಗರು. ಅಷ್ಟು ಮಂದಿಯನ್ನು ಒಂದೇ ಹಳ್ಳಿಯಿಂದ ತರುವುದು ಹೇಗೆ? ಹುಡುಗಿಯರ ತಂಡ ಕಟ್ಟಹೊರಟವರಿಗೆ ಈ ತೊಡಕು ಇಮ್ಮಡಿ.

ಸರ್ಕಾರಿ ಶಾಲೆಗಳ ಕ್ರೀಡಾಕೂಟಗಳು ಈ ಲೆಕ್ಕವನ್ನು ಬಹಳ ಹಿಂದೆಯೇ ಅರಿತುಕೊಂಡಿವೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ - ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಆಟಗಾರರು ಮೇಲೇರುತ್ತಾರೆ. ಒಂದು ಹೋಬಳಿಯೊಳಗೆ ಪರಸ್ಪರ ಎದುರಾಳಿಗಳಾಗಿದ್ದ ಹುಡುಗರು ಮೇಲಿನ ಒಂದು ಮೆಟ್ಟಿಲಿನಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟು ನಿಲ್ಲುವ ಸಂದರ್ಭವುಂಟು. ಪಂದ್ಯ ಮುಗಿದ ಮೇಲೆ ಪ್ರತಿಯೊಬ್ಬನೂ ತನ್ನ ಶಾಲೆಗೆ ಹಿಂದಿರುಗುತ್ತಾನೆ. ಯಾವ ಶಾಲೆಯ ಹೆಸರೂ ಅಳಿಸಿಹೋಗುವುದಿಲ್ಲ. ಕೂಡುವುದಕ್ಕೆ ಕರಗಲೇಬೇಕಾಗಿಲ್ಲ ಎಂಬುದಕ್ಕೆ ಇದು ನಮ್ಮ ನಾಡಿನದೇ ದೃಷ್ಟಾಂತ.

ಕ್ಲಬ್ಬುಗಳ ಲೋಕದಲ್ಲಿ ಸಂಬಂಧಗಳು ಮೂರು ಬಗೆಯವು. ಎರಡು ಸಂಘಗಳು ತಮ್ಮ ಪುಸ್ತಕಗಳನ್ನು ಮುಚ್ಚಿ ಮೂರನೆಯದೊಂದನ್ನು ತೆರೆದರೆ, ಅಥವಾ ಒಂದು ಇನ್ನೊಂದರೊಳಗೆ ಸೇರಿಹೋದರೆ, ಅದು ವಿಲೀನ. ಎರಡೂ ಬೇರೆಬೇರೆಯಾಗಿಯೇ ಇದ್ದು, ತರಬೇತುದಾರನನ್ನೂ ಮೈದಾನವನ್ನೂ ಹಂಚಿಕೊಂಡರೆ ಅದು ಮೈತ್ರಿ. ಕೆಳಗಿನ ವಯಸ್ಸಿನವರು ತಮ್ಮ ತಮ್ಮ ಹೆಸರಿನಲ್ಲಿ ಆಡಿ, ಮೇಲಿನ ವಯಸ್ಸಿನವರು ಮಾತ್ರ ಒಂದಾಗಿ ಕಣಕ್ಕಿಳಿದರೆ ಅದು ಜಂಟಿ ತಂಡ. ಇವುಗಳಲ್ಲಿ ಯಾವುದು ಯಾರಿಗೆ ಹಿತ ಎಂಬುದನ್ನು ತಿಳಿಯಲು ಕಾಲ್ಚೆಂಡು ಬೇರೂರಿದ ಸ್ಥಳಕ್ಕೆ ಹೋಗಬೇಕು. ಕನ್ನಡ ನಾಡಿನಲ್ಲಿ ಆ ಸ್ಥಳ ಬೆಂಗಳೂರಿನ ದಂಡುಪ್ರದೇಶ.

ದಂಡಿನ ಮೈದಾನಗಳು

ಬ್ರಿಟಿಷ್ ಸೈನಿಕರು ತಂದ ಆಟವನ್ನು ದಂಡಿನ ಸುತ್ತಮುತ್ತಲ ಬಡವರ ಮಕ್ಕಳು ಬರಿಗಾಲಿನಲ್ಲಿ ಕಲಿತರು. ಬೂಟು ಕೊಳ್ಳಲು ಹಣವಿಲ್ಲದವರಿಗೂ ಅದು ಒಲಿಯಿತು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್ ಮೊದಲಾದ ಕಡೆ ಆಟ ಬೆಳೆಯಿತು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಾಗ, ಅದುವರೆಗೆ ಸೈನಿಕ ತಂಡಗಳ ಸೊತ್ತಾಗಿದ್ದ ಆ ಗೌರವ ಮೊದಲ ಬಾರಿಗೆ ಭಾರತೀಯ ಕ್ಲಬ್ಬೊಂದಕ್ಕೆ ಬಂದಿತು. ಮರುವರ್ಷವೂ ಆ ಕಪ್ಪು ಬೆಂಗಳೂರಿಗೇ ಸಂದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಮುಂಚೂಣಿಯಲ್ಲಿ ಆಡಿ 'ಪಂಚಪಾಂಡವ'ರೆಂದು ಹೆಸರಾದ ಐವರಲ್ಲಿ ಅಹಮದ್ ಖಾನ್ ಮತ್ತು ಧನರಾಜ್ ಇದೇ ನಗರದವರು. ಹಲಸೂರಿನ ಗೌತಮಪುರದಲ್ಲಿ ಇಂದಿಗೂ ಬ್ರೆಜಿಲಿನ ಪೆಲೆಯ ಪ್ರತಿಮೆಯೊಂದು ನಿಂತಿದೆ.

ಈ ಆಟಗಾರರನ್ನು ಬೆಳೆಸಿದವು ಬೀದಿಬೀದಿಯ ಸಣ್ಣ ತಂಡಗಳು. ಅವರು ಬೆಳೆದ ಮೇಲೆ ಅನ್ನ ಕೊಟ್ಟವು ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳ ತಂಡಗಳು, ಸೈನ್ಯದ ಎಂ.ಇ.ಜಿ., ಎ.ಎಸ್.ಸಿ. ತಂಡಗಳು. ಬೀದಿಯ ತಂಡ ಹುಡುಗನನ್ನು ಕಳುಹಿಸಿಕೊಟ್ಟು ಬೀದಿಯಲ್ಲಿಯೇ ಉಳಿಯುತ್ತಿತ್ತು. ಮತ್ತೊಬ್ಬ ಹುಡುಗನನ್ನು ಸಿದ್ಧಮಾಡುತ್ತಿತ್ತು. ಒಪ್ಪಂದದ ಕಾಗದವಿಲ್ಲದಿದ್ದರೂ ಅದು ಒಂದು ಬಗೆಯ ಮೈತ್ರಿಯೇ.

ವಿಲೀನದ ಕಥೆಯೂ ಈ ನಾಡಿನ ಕಾಲ್ಚೆಂಡಿನಲ್ಲಿ ಅಡಗಿದೆ. ದಂಡು ಮತ್ತು ನಗರ ಎಂಬ ಎರಡು ಪುರಸಭೆಗಳು 1949ರಲ್ಲಿ ಒಂದಾಗಿ ಬೆಂಗಳೂರು ಕಾರ್ಪೊರೇಷನ್ ಆಯಿತು. 1956ರಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಕೂಡಿ ವಿಶಾಲ ಮೈಸೂರು ರಾಜ್ಯವಾಯಿತು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47ರಲ್ಲಿಯೂ 1952-53ರಲ್ಲಿಯೂ ಗೆದ್ದದ್ದು ಹಳೆಯ ಮೈಸೂರಿನ ಹೆಸರಿನಲ್ಲಿ. 1967-68ರಲ್ಲಿಯೂ 1968-69ರಲ್ಲಿಯೂ ಗೆದ್ದದ್ದು ಹಿಗ್ಗಿದ ಮೈಸೂರಿನ ಹೆಸರಿನಲ್ಲಿ. 1973ರಲ್ಲಿ ರಾಜ್ಯ ಕರ್ನಾಟಕವೆನಿಸಿತು. ಆ ಹೊಸ ಹೆಸರಿಗೆ ಮೊದಲ ಸಂತೋಷ್ ಟ್ರೋಫಿ ದೊರೆತದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ದೇಶ ವಿಸ್ತಾರವಾದ ಮಾತ್ರಕ್ಕೆ ಆಟ ವಿಸ್ತಾರವಾಗಲಿಲ್ಲವೆಂಬುದನ್ನು ಈ ಅರ್ಧಶತಮಾನದ ಬರಗಾಲ ತೋರಿಸುತ್ತದೆ. ಹೆಸರು ಬೆಳೆದಂತೆ ಬೇರೂ ಬೆಳೆಯಬೇಕು.

ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಕ್ಲಬ್ಬುಗಳು ಸಮುದ್ರದಾಚೆಯ ನೆಂಟಸ್ತಿಕೆಯನ್ನೂ ಮಾಡಿವೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. 2019ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬಿನೊಡನೆ ಒಪ್ಪಂದ ಮಾಡಿಕೊಂಡಿತು. 2018ರಲ್ಲಿ ಹುಟ್ಟಿದ ಎಫ್.ಸಿ. ಬೆಂಗಳೂರು ಯುನೈಟೆಡ್ 2021ರಲ್ಲಿ ಸ್ಪೇನಿನ ಸೆವಿಲ್ಲಾ ಕ್ಲಬ್ಬಿನೊಡನೆ ಕೈಜೋಡಿಸಿತು. ಇವು ವಿಲೀನಗಳಲ್ಲ, ವಿದ್ಯೆಯ ಕೊಡುಕೊಳೆ. ಬೆಂಗಳೂರಿನಿಂದ ಗ್ಲಾಸ್ಗೋಗೆ ಸೇತುವೆ ಕಟ್ಟುವುದು ಸಾಧ್ಯವಾಗಿದ್ದರೆ, ಬೆಂಗಳೂರಿನಿಂದ ಗುಬ್ಬಿಗೆ, ಗುಬ್ಬಿಯಿಂದ ಹಾಗಲವಾಡಿಗೆ ಕಟ್ಟುವುದು ಅಸಾಧ್ಯವಾಗಬಾರದು.

ಹೆಸರು ಕಳೆದವರು, ಉಳಿಸಿಕೊಂಡವರು

ಕೂಡುವ ಮುನ್ನ ಎಚ್ಚರವಿರಬೇಕೆಂಬುದಕ್ಕೆ ಜಪಾನಿನ ಯೊಕೊಹಾಮ ಸಾಕ್ಷಿ. ಆ ನಗರದಲ್ಲಿ ಫ್ಲೂಗೆಲ್ಸ್, ಮರಿನೋಸ್ ಎಂಬ ಎರಡು ಕ್ಲಬ್ಬುಗಳಿದ್ದುವು. ಹಣ ಹೂಡುತ್ತಿದ್ದ ಸಂಸ್ಥೆಯೊಂದು ಹಿಂದೆಗೆದಾಗ, 1998ರ ಅಕ್ಟೋಬರಿನಲ್ಲಿ, ಫ್ಲೂಗೆಲ್ಸನ್ನು ಮರಿನೋಸಿನೊಳಗೆ ಸೇರಿಸುವುದಾಗಿ ಪ್ರಕಟಣೆ ಹೊರಟಿತು. ಅಳಿಯಲಿರುವ ತಂಡ ಆಮೇಲೆ ಆಡಿದ ರೀತಿ ಅಪೂರ್ವವಾದದ್ದು. 1999ರ ಜನವರಿ 1ರಂದು ಚಕ್ರವರ್ತಿ ಕಪ್ಪಿನ ಅಂತಿಮ ಪಂದ್ಯದಲ್ಲಿ ಗೆದ್ದು, ಕಪ್ಪನ್ನು ಎತ್ತಿಹಿಡಿದು, ಆ ತಂಡ ಇಲ್ಲವಾಯಿತು. ಮರಿನೋಸಿನ ಹೆಸರಿಗೆ 'ಎಫ್' ಎಂಬ ಒಂದಕ್ಷರ ಸೇರಿದ್ದೇ ಫ್ಲೂಗೆಲ್ಸಿನ ಗುರುತು. ಅಭಿಮಾನಿಗಳಿಗೆ ಒಂದಕ್ಷರ ಸಾಲಲಿಲ್ಲ. ಅವರು ಕೂಡಿ 1999ರಲ್ಲಿಯೇ ಯೊಕೊಹಾಮ ಎಫ್.ಸಿ. ಎಂಬ ಹೊಸ ಕ್ಲಬ್ಬನ್ನು ಕಟ್ಟಿದರು. ಅದು ಕೆಳಗಿನಿಂದ ಏರುತ್ತಾ 2007ರಲ್ಲಿ ದೇಶದ ಮೊದಲ ಶ್ರೇಣಿಯನ್ನು ತಲುಪಿತು.

ಕಲ್ಕತ್ತೆಯಲ್ಲಿಯೂ ಇಂಥದೇ ಒಂದು ಪ್ರಸಂಗ ನಡೆಯಿತು. 1889ರಲ್ಲಿ ಸ್ಥಾಪಿತವಾಗಿ, 1911ರಲ್ಲಿ ಬ್ರಿಟಿಷ್ ಸೈನಿಕ ತಂಡವನ್ನು ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದ ಮೋಹನ್ ಬಗಾನಿನ ಕಾಲ್ಚೆಂಡಿನ ವಿಭಾಗ 2020ರಲ್ಲಿ ಎ.ಟಿ.ಕೆ. ಎಂಬ ಹೊಸ ಕ್ಲಬ್ಬಿನೊಡನೆ ಬೆರೆಯಿತು. ಹಣ ಬಂದಿತು, ಒಳ್ಳೆಯ ಆಟಗಾರರು ಬಂದರು. ಆದರೆ ಹಳೆಯ ಹೆಸರಿನ ಮುಂದೆ ಹೊಸ ಮೂರಕ್ಷರ ನಿಂತದ್ದನ್ನು ಅಭಿಮಾನಿಗಳು ಸಹಿಸಲಿಲ್ಲ. ಅವರ ಪ್ರತಿಭಟನೆ ನಿಲ್ಲಲಿಲ್ಲ. 2023ರಲ್ಲಿ ಆ ಮೂರಕ್ಷರ ಹೋಗಿ ಮೋಹನ್ ಬಗಾನ್ ಸೂಪರ್ ಜೈಂಟ್ ಎಂಬ ಹೆಸರಾಯಿತು.

ಇವು ದೊಡ್ಡವರ ಕ್ಲಬ್ಬುಗಳು. ಅವುಗಳ ಪರವಾಗಿ ಕೂಗುವುದಕ್ಕೆ ಜನರಿದ್ದರು. ಹುಡುಗರ ಕ್ಲಬ್ಬು ಅಳಿದರೆ ಕೂಗುವವರು ಯಾರು? ಅಮೆರಿಕದ ಕಾಲ್ಚೆಂಡಿನ ಒಕ್ಕೂಟ 2007ರಲ್ಲಿ ಡೆವಲಪ್‌ಮೆಂಟ್ ಅಕಾಡೆಮಿ ಎಂಬ ಹೆಸರಿನಲ್ಲಿ ಬಾಲಕರಿಗಾಗಿ ಉನ್ನತ ಪಂದ್ಯಾವಳಿಯೊಂದನ್ನು ತೆರೆಯಿತು. ಅದರಲ್ಲಿ ಸ್ಥಾನ ಪಡೆದ ಕ್ಲಬ್ಬಿಗೆ ಮಾನ. ಪಡೆಯದ ಕ್ಲಬ್ಬಿನಿಂದ ಹುಡುಗರು ಹೊರಟುಹೋಗುವ ಭಯ. 2020ರ ಏಪ್ರಿಲಿನಲ್ಲಿ ಒಕ್ಕೂಟ ಆ ಪಂದ್ಯಾವಳಿಯನ್ನೇ ಮುಚ್ಚಿತು. ಅದನ್ನು ನಂಬಿ ನಿಂತಿದ್ದ ಕ್ಲಬ್ಬುಗಳೆಲ್ಲ ಹೊಸ ಆಸರೆಯನ್ನು ಹುಡುಕಬೇಕಾಯಿತು. ಆ ದೇಶದಲ್ಲಿ ಮಗನ ಆಟಕ್ಕೆ ತಂದೆತಾಯಿಗಳು ಶುಲ್ಕ ತೆರುವ ಪದ್ಧತಿಯುಂಟು. ಕ್ಲಬ್ಬು ದೊಡ್ಡದಾದಷ್ಟೂ ಮೈದಾನ ಮನೆಯಿಂದ ದೂರವಾಗುತ್ತದೆ. ಕಾರಿರುವವನ ಮಗ ತಲುಪುತ್ತಾನೆ, ಇಲ್ಲದವನ ಮಗ ಮನೆಯಲ್ಲಿ ಉಳಿಯುತ್ತಾನೆ.

ಹಾಗಲವಾಡಿಯ ಹುಡುಗನಿಗೆ ಈ ಮಾತು ಬೇಗ ಅರ್ಥವಾದೀತು. ಹೋಬಳಿಯ ತಂಡಗಳನ್ನೆಲ್ಲ ಗುಬ್ಬಿಯಲ್ಲಿಯೋ ತುಮಕೂರಿನಲ್ಲಿಯೋ ಒಂದೇ ಕ್ಲಬ್ಬಾಗಿ ಬೆರೆಸಿದರೆ ಕಾಗದದ ಮೇಲೆ ತಂಡ ಬಲಿಷ್ಠವಾದೀತು. ಆದರೆ ಸಂಜೆ ಆರು ಗಂಟೆಗೆ ಅಭ್ಯಾಸ ಮುಗಿಸಿದ ಹುಡುಗ ಊರಿಗೆ ಹಿಂದಿರುಗುವ ಬಸ್ಸು ಯಾವುದು? ಹಸು ಕಟ್ಟುವವರಾರು? ಒಂದು ತಿಂಗಳು ಹೋದಾನು, ಎರಡು ತಿಂಗಳು ಹೋದಾನು. ಮೂರನೆಯ ತಿಂಗಳು ಅವನ ಹೆಸರು ಪಟ್ಟಿಯಲ್ಲಿ ಮಾತ್ರ ಇದ್ದೀತು.

ದಾಖಲೆಯ ಪುಸ್ತಕ

ಹೆಸರಿನ ಪ್ರಶ್ನೆ ಅಭಿಮಾನದ ಪ್ರಶ್ನೆ ಮಾತ್ರವೆಂದು ತಿಳಿಯಬಾರದು. ಅದು ಹಣದ ಪ್ರಶ್ನೆಯೂ ಹೌದು. ಫೀಫಾ ಸಂಸ್ಥೆಯ ನಿಯಮದಂತೆ ಆಟಗಾರನೊಬ್ಬನು ಒಪ್ಪಂದದ ಅವಧಿಯೊಳಗೆ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ಹೋದರೆ, ಆ ಹಣದಲ್ಲಿ ನೂರಕ್ಕೆ ಐದರಷ್ಟನ್ನು ಅವನನ್ನು 12ರಿಂದ 23ನೆಯ ವಯಸ್ಸಿನವರೆಗೆ ತರಬೇತು ಮಾಡಿದ ಕ್ಲಬ್ಬುಗಳಿಗೆ ಹಂಚಬೇಕು. 12ರಿಂದ 15ರವರೆಗಿನ ಒಂದೊಂದು ವರ್ಷಕ್ಕೆ ಆ ಪಾಲಿನ ನೂರಕ್ಕೆ ಐದು. 16ರಿಂದ 23ರವರೆಗಿನ ಒಂದೊಂದು ವರ್ಷಕ್ಕೆ ನೂರಕ್ಕೆ ಹತ್ತು. ಹುಡುಗನು ಯಾವ ವರ್ಷ ಯಾವ ಕ್ಲಬ್ಬಿನಲ್ಲಿದ್ದನೆಂಬುದನ್ನು ತೋರಿಸುವ ದಾಖಲೆಗೆ 'ಆಟಗಾರನ ಪಾಸ್‌ಪೋರ್ಟ್' ಎಂದು ಹೆಸರು.

ಒಂದು ಲೆಕ್ಕ ಹಾಕಿ ನೋಡಬಹುದು. ಹಳ್ಳಿಯ ಕ್ಲಬ್ಬೊಂದರಲ್ಲಿ 12ರಿಂದ 15ರವರೆಗೆ ನಾಲ್ಕು ವರ್ಷ ಆಡಿದ ಹುಡುಗ ಮುಂದೊಂದು ದಿನ ಒಂದು ಕೋಟಿ ರೂಪಾಯಿಗೆ ಪರದೇಶದ ಕ್ಲಬ್ಬಿಗೆ ಹೋದನೆನ್ನೋಣ. ಹಂಚಬೇಕಾದ ಪಾಲು ಐದು ಲಕ್ಷ. ನಾಲ್ಕು ವರ್ಷಕ್ಕೆ ಅದರ ಐದನೆಯ ಒಂದು ಭಾಗ, ಎಂದರೆ ಒಂದು ಲಕ್ಷ ರೂಪಾಯಿ, ಹಳ್ಳಿಯ ಕ್ಲಬ್ಬಿಗೆ ಬರಬೇಕು. ಚೆಂಡಿಗೆ, ಬೂಟಿಗೆ, ಗೋಲುಕಂಬಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೆ ಆ ಕ್ಲಬ್ಬು ಒಕ್ಕೂಟದ ಪುಸ್ತಕದಲ್ಲಿ ದಾಖಲಾಗಿರಬೇಕು; ಹುಡುಗನ ಹೆಸರೂ ಅದರ ಕೆಳಗೆ ಬರೆದಿರಬೇಕು. ಆ ಕ್ಲಬ್ಬು ಅಷ್ಟರಲ್ಲಿ ಇಲ್ಲವಾಗಿದ್ದರೆ, ಪಾಲನ್ನು ಕೇಳುವ ಹಕ್ಕು ದೇಶದ ಒಕ್ಕೂಟಕ್ಕೆ ಹೋಗುತ್ತದೆ. ಕೂಡುವ ಉತ್ಸಾಹದಲ್ಲಿ ಹಳೆಯ ಪುಸ್ತಕವನ್ನು ಮುಚ್ಚುವವರು ತಾವು ಮುಚ್ಚುತ್ತಿರುವುದು ಏನನ್ನು ಎಂದು ಒಮ್ಮೆ ಯೋಚಿಸಬೇಕು.

ಸಂಘವನ್ನು ಕಟ್ಟುವುದು ಕಷ್ಟದ ಕೆಲಸವೇನಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ವಯಸ್ಕರಾದ ಏಳು ಮಂದಿ ಸೇರಿದರೆ ಒಂದು ಸಂಘ ನೋಂದಣಿಯಾಗಬಹುದು. ಕಬಡ್ಡಿಯ ತಂಡಕ್ಕೆ ಬೇಕಾದಷ್ಟೇ ಮಂದಿ! ಕಷ್ಟವಿರುವುದು ಅದನ್ನು ಉಳಿಸಿಕೊಂಡು ಬರುವುದರಲ್ಲಿ.

ಕೆರೆಯ ಕೋಡಿ

ಹಾಗಲವಾಡಿಗೆ ದೊಡ್ಡದೊಂದು ಕೆರೆಯಿದೆ. ಅದಕ್ಕೆ ಹೇಮಾವತಿಯ ನೀರು ಹರಿಯಬೇಕೆಂದು ಈ ಸೀಮೆಯ ರೈತರು ಬಹುಕಾಲ ಬೇಡಿಕೊಂಡು ಬಂದಿದ್ದಾರೆ. ಮಳೆ ಕಡಿಮೆಯಾದ ಇಂಥ ಬಯಲುಸೀಮೆಯಲ್ಲಿ ಹಿರಿಯರು ನೀರನ್ನು ಕೂಡಿಟ್ಟ ರೀತಿಯನ್ನು ಗಮನಿಸಬೇಕು. ಅವರು ಹಳ್ಳದ ಉದ್ದಕ್ಕೂ ಒಂದರ ಕೆಳಗೊಂದು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಅದರ ಕೋಡಿ ಅದರ ಕೆಳಗಿನದಕ್ಕೆ. ಪ್ರತಿಯೊಂದು ಕೆರೆಗೂ ತನ್ನ ಏರಿಯುಂಟು, ತನ್ನ ತೂಬುಂಟು, ತನ್ನ ಅಚ್ಚುಕಟ್ಟುಂಟು, ತನ್ನ ಹೆಸರುಂಟು. ಮೇಲಿನ ಸಣ್ಣ ಕೆರೆಗಳ ಏರಿಯನ್ನು ಒಡೆದು ನೀರನ್ನೆಲ್ಲ ದೊಡ್ಡ ಕೆರೆಗೆ ಬಿಟ್ಟರೆ ಒಂದು ದಿನ ಅದು ತುಂಬಿದಂತೆ ಕಂಡೀತು. ಆಮೇಲೆ ಬರುವುದು ಹೂಳು. ಪ್ರವಾಹ ಜೋರಾದರೆ ಕೆಳಗಿನ ಏರಿಯೂ ನಿಲ್ಲುವುದಿಲ್ಲ.

ಹುಡುಗರ ಆಟದ ಸಂಘಗಳಿಗೂ ಈ ಕ್ರಮವೇ ಹೊಂದುತ್ತದೆ. ಚಿಕ್ಕ ಮಕ್ಕಳು ಐದೈದು ಮಂದಿ, ಏಳೇಳು ಮಂದಿಯಾಗಿ ಸಣ್ಣ ಬಯಲಿನಲ್ಲಿ ಆಡುವುದು ಇಂದು ಲೋಕದ ಎಲ್ಲೆಡೆಯೂ ಇರುವ ಪದ್ಧತಿ. ಅಷ್ಟು ಮಂದಿ ಪ್ರತಿಯೊಂದು ಹಳ್ಳಿಯಲ್ಲಿಯೂ ಸಿಕ್ಕುತ್ತಾರೆ. ಅವರು ತಮ್ಮ ಹಳ್ಳಿಯ ಹೆಸರಿನಲ್ಲಿ, ಅಮ್ಮ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಆಡಲಿ. ಹದಿಮೂರು ದಾಟಿ ಹನ್ನೊಂದು ಮಂದಿಯ ಆಟಕ್ಕೆ ಬಂದಾಗ ಹೋಬಳಿಯ ಹಳ್ಳಿಗಳೆಲ್ಲ ಕೂಡಿ ಒಂದು ಜಂಟಿ ತಂಡವಾಗಲಿ. ಪರವಾನಗಿ ಪಡೆದ ಒಬ್ಬ ತರಬೇತುದಾರ ವಾರದ ಒಂದೊಂದು ದಿನ ಒಂದೊಂದು ಹಳ್ಳಿಗೆ ಹೋಗಲಿ. ಇಪ್ಪತ್ತು ಹುಡುಗರು ಬಸ್ಸಿಗೆ ಕಾಯುವುದಕ್ಕಿಂತ ಅವನೊಬ್ಬ ಬೈಸಿಕಲ್ಲಿನಲ್ಲೋ ಮೋಟಾರು ಬೈಕಿನಲ್ಲೋ ಬರುವುದು ಸುಲಭ. ತುಮಕೂರಿನ, ಬೆಂಗಳೂರಿನ ದೊಡ್ಡ ಕ್ಲಬ್ಬುಗಳೊಡನೆ ಮೈತ್ರಿಯಾಗಲಿ. ಆದರೆ ಹುಡುಗನು ಮೊದಲು ಚೆಂಡು ಮುಟ್ಟಿದ ಊರಿನ ಹೆಸರು ಅವನ ದಾಖಲೆಯಿಂದ ಅಳಿಯದಂತೆ ಒಪ್ಪಂದದ ಮೊದಲ ಸಾಲಿನಲ್ಲಿಯೇ ಬರೆದಿರಲಿ.

ವಿಲೀನವೆಲ್ಲ ಕೆಟ್ಟದ್ದೆಂದು ಹೇಳುವಂತಿಲ್ಲ. 1927ರಲ್ಲಿ ಮೂರು ಕ್ಲಬ್ಬುಗಳು ಬೆರೆತು ಹುಟ್ಟಿದ ಎ.ಎಸ್. ರೋಮಾ ಇಟಲಿಯಲ್ಲಿ ಇಂದಿಗೂ ಬಾಳಿಕೊಂಡು ಬಂದಿದೆ. ಆದರೆ ಅಲ್ಲಿ ಮೂರು ಕ್ಲಬ್ಬುಗಳೂ ಒಂದೇ ನಗರದವು. ಹೊಸ ಹೆಸರೂ ಆ ನಗರದ್ದೇ. ಬೆರೆತವರಿಗೆಲ್ಲ ತಮ್ಮದೆನಿಸುವ ಹೆಸರು, ನಡೆದು ತಲುಪಬಹುದಾದ ಮೈದಾನ - ಇವೆರಡೂ ಇದ್ದಲ್ಲಿ ವಿಲೀನವೂ ಬಾಳುತ್ತದೆ. ಹಳ್ಳಿಗಾಡಿನಲ್ಲಿ ಆ ಎರಡಕ್ಕೂ ಸಮೀಪವಾದ ಹೆಸರು ಹೋಬಳಿಯ ಹೆಸರು. ಅದು ಸುತ್ತಣ ಹಳ್ಳಿಗಳ ನಾಲಗೆಯಲ್ಲಿ ಆಗಲೇ ಇದೆ.

ಪಾಳೆಯಗಾರರ ದಂಡು ಹೊರಟುಹೋಗಿ ಶತಮಾನಗಳಾದುವು. ಹನ್ನೊಂದು ಹುಡುಗರ ಇನ್ನೊಂದು ದಂಡು ಹಾಗಲವಾಡಿಯ ಹೆಸರನ್ನು ಎದೆಯ ಮೇಲೆ ಬರೆದುಕೊಂಡು ತುಮಕೂರಿನ ಮೈದಾನಕ್ಕೆ ಇಳಿಯುವ ದಿನ ಬರಲಿ. ಅವರಲ್ಲೊಬ್ಬನು ಮುಂದೆ ಬೆಂಗಳೂರಿಗೋ ಕಲ್ಕತ್ತೆಗೋ ಹೋದಾಗ, ಅವನ ದಾಖಲೆಯ ಮೊದಲ ಪುಟದಲ್ಲಿ ಈ ಊರಿನ ಹೆಸರನ್ನು ಓದಿದವರು, ಅದು ಎಲ್ಲಿದೆಯೆಂದು ಭೂಪಟದಲ್ಲಿ ಹುಡುಕುವಂತಾಗಲಿ.